ಪೌರತ್ವ ಅಂತ ಹೆಸರು, ಒಳಗೆ ವೀಸಾ

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಪಕ್ಕದ ತೋಟದ ಭಟ್ಟರು ನಮ್ಮ ಜಗುಲಿಗೆ ಬಂದು ಕೂತರು. ಕವಳ ಹಾಕಿಕೊಂಡು ನಿಧಾನಕ್ಕೆ ವಿಷಯಕ್ಕೆ ಬಂದರು. ಮಗ ಬೆಂಗಳೂರಲ್ಲೇ ಮನೆ ಮಾಡಿದ್ದಾನೆ, ತೋಟ ನೋಡಿಕೊಳ್ಳುವವರಿಲ್ಲ, ನಮ್ಮ ಬೇಲಿಗೆ ತಾಗಿಕೊಂಡಿರುವ 20 ಗುಂಟೆ ಕೊಟ್ಟುಬಿಡುವ ಅಂತಿದ್ದಾರೆ. "ಗುರುತಿಲ್ಲದವರಿಗೆ ಕೊಡೋಕೆ ಮನಸ್ಸಿಲ್ಲ ಮಾರಾಯ. ನೀನೇ ತಗೋ."

"ನಾನು ತಗೊಳ್ಳೋ ಹಾಗಿಲ್ಲ ಭಟ್ರೇ, ಕಾನೂನು ಬಿಡಲ್ಲ" ಅಂದೆ.

"ಈಗ ಯಾರು ಬೇಕಾದರೂ ತಗೋಬಹುದಂತಲ್ಲ?"

ಅವರು ಹೇಳಿದ್ದು ಸರಿಯೇ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಅಡಿಕೆ ಮರ ಹತ್ತಿರದಿಂದ ನೋಡದ ಸಾಫ್ಟ್‌ವೇರ್ ಹುಡುಗನೂ ಕೊಳ್ಳಬಹುದು. ಇದೇ ತೋಟದಲ್ಲಿ ಹಾಳೆ ಎಳೆದುಕೊಂಡು ಆಡಿ ಬೆಳೆದ ನಾನು ಕೊಳ್ಳುವ ಹಾಗಿಲ್ಲ. ನನ್ನದು ಅಮೆರಿಕದ ಪಾಸ್‌ಪೋರ್ಟ್. ಜೊತೆಗೊಂದು ಓಸಿಐ ಕಾರ್ಡು.

"ಅದರಲ್ಲಿ ಭಾರತದ ಪೌರ ಅಂತಲೇ ಇದೆ ಅಂತ ಅವತ್ತು ನೀನೇ ತೋರಿಸಿದ್ದೆಯಲ್ಲ" ಅಂದರು ಭಟ್ಟರು. ಅಲ್ಲಿಗೆ ನನ್ನ ಬಾಯಿ ಕಟ್ಟಿತು.

ನಿಜಕ್ಕೂ ಹಾಗೇ ಇದೆ. ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ. ಬೂದು ನೀಲಿ ಬಣ್ಣದ ಪುಟ್ಟ ಪುಸ್ತಕ, ಮೇಲೆ ಸಿಂಹ ಲಾಂಛನ. ನೋಡಿದರೆ ಪಾಸ್‌ಪೋರ್ಟಿನ ತಮ್ಮನ ಹಾಗಿದೆ. ಆದರೆ ಅದು ಪೌರತ್ವ ಅಲ್ಲ. ಜೀವನಪೂರ್ತಿ ಎಷ್ಟು ಸಲ ಬೇಕಾದರೂ ಬಂದು ಹೋಗುವ ವೀಸಾ, ಅದರ ಜೊತೆ ಒಂದಷ್ಟು ಸೌಲಭ್ಯ. ಓಟಿಲ್ಲ, ಸರ್ಕಾರಿ ನೌಕರಿ ಇಲ್ಲ, ಚುನಾವಣೆಗೆ ನಿಲ್ಲುವ ಹಾಗಿಲ್ಲ. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಜಾಗವೇ ಇಲ್ಲ. ಇನ್ನೊಂದು ದೇಶದ ಪೌರತ್ವವನ್ನು ನಾವಾಗಿ ತಗೊಂಡ ಕ್ಷಣ ಇಲ್ಲಿಯದು ಹೋಗುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಅದನ್ನೇ ಹೇಳುತ್ತದೆ.

ನನ್ನದು ಹೋಗಿದ್ದು 2013ರಲ್ಲಿ. ಹಳೇ ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳಿಸಿದ್ದೆ. ಕೆಲವು ವಾರ ಬಿಟ್ಟು ವಾಪಸ್ ಬಂತು, ಮೂಲೆ ಕತ್ತರಿಸಿ, ರದ್ದು ಅಂತ ಮುದ್ರೆ ಒತ್ತಿ. ಮನೆಯಲ್ಲಿ ಯಾರೂ ಇರಲಿಲ್ಲ. ಆ ಕತ್ತರಿಸಿದ ಮೂಲೆಯ ಮೇಲೆ ಬೆರಳಾಡಿಸುತ್ತಾ ಸುಮಾರು ಹೊತ್ತು ಕೂತಿದ್ದೆ. ಹಾಗಂತ ಯಾರೂ ನನ್ನ ಕುತ್ತಿಗೆ ಮೇಲೆ ಕತ್ತಿ ಇಟ್ಟಿರಲಿಲ್ಲ. ಕೆಲಸ, ಮಕ್ಕಳ ಓದು, ವೀಸಾ ನವೀಕರಣದ ತಲೆಬಿಸಿ ತಪ್ಪಲಿ ಅನ್ನುವ ಆಸೆ, ಎಲ್ಲಾ ಲೆಕ್ಕ ಹಾಕಿಯೇ ತಗೊಂಡಿದ್ದು. 2022ನೇ ಇಸವಿ ಒಂದರಲ್ಲೇ 2,25,620 ಜನ ಭಾರತದ ಪೌರತ್ವ ಬಿಟ್ಟರು ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಅವರಲ್ಲಿ ಹೆಚ್ಚಿನವರದ್ದೂ ನನ್ನಂಥದ್ದೇ ಲೆಕ್ಕ ಇರಬಹುದು.

ಹಾಗಾಗಿ ನಾನು ಎರಡು ಪೌರತ್ವ ಕೊಡಿ ಅಂತ ಕೇಳುತ್ತಿಲ್ಲ. ಜಮೀನಿನ ನಿಯಮಕ್ಕೂ ನನ್ನ ವಿರೋಧ ಇಲ್ಲ. ಡಾಲರ್ ಹಿಡಿದುಕೊಂಡು ನಾವೆಲ್ಲ ತೋಟ ಕೊಳ್ಳೋಕೆ ಇಳಿದರೆ ಇಲ್ಲೇ ಇದ್ದು ಬೆಳೆಯುವವನ ಗತಿ ಏನು? ಪಿತ್ರಾರ್ಜಿತವಾಗಿ ಬಂದಿದ್ದನ್ನು ಇಟ್ಟುಕೊಳ್ಳೋಕೆ ಅಡ್ಡಿಯಿಲ್ಲ. ಅಪ್ಪಯ್ಯ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿದೆವು, ಪಹಣಿಯಲ್ಲಿ ನನ್ನ ಹೆಸರೂ ಬಂತು. ಮಾರುವುದಾದರೆ ಮಾತ್ರ ಇಲ್ಲೇ ವಾಸ ಇರುವ ಭಾರತೀಯ ಪೌರನಿಗೇ ಮಾರಬೇಕು. ಲಂಡನ್‌ನಲ್ಲಿರುವ ನನ್ನ ತಮ್ಮ ಇನ್ನೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದಾನೆ. ಅನಿವಾಸಿ ಆಗಿರುವ ತನಕ ಅವನೂ ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ. ಆದರೆ ಅವನು ವಾಪಸ್ ಬಂದು ನೆಲೆಸಿದರೆ ಭಟ್ಟರ 20 ಗುಂಟೆ ಅವನದ್ದಾಗಬಹುದು. ನನ್ನ ಕಾರ್ಡಿನ ನಿಯಮದಲ್ಲಿ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಮೂರೂ ಹೊರಗೆ. ಸರಿ, ಒಪ್ಪಿಕೊಂಡೆ.

ನನ್ನ ತಕರಾರು ಬೇರೆ. ಹೆಸರಲ್ಲಿ ಪೌರತ್ವ ಅಂತ ಇಟ್ಟು, ಕೊಟ್ಟಿದ್ದನ್ನು ಅಧಿಸೂಚನೆ ಮೇಲೆ ಅಧಿಸೂಚನೆ ಹೊರಡಿಸಿ ಬದಲಿಸುತ್ತಾ ಹೋಗುವುದಿದೆಯಲ್ಲ, ಅದು.

ಮೊದಲು 1999ರಲ್ಲಿ ಪಿಐಓ, ಅಂದರೆ ಭಾರತ ಮೂಲದವರ ಕಾರ್ಡು ಬಂತು. ಓಸಿಐಗೆ 2005ರಲ್ಲಿ ಕಾನೂನಾಯಿತು, 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ ಮೊದಲ ಕಾರ್ಡು ಕೊಟ್ಟರು. 2015ರ ಜನವರಿ 9ರಂದು ಎರಡನ್ನೂ ಸೇರಿಸಿ ಒಂದೇ ಮಾಡಿದರು. ಮೊದಮೊದಲು ಪಾಸ್‌ಪೋರ್ಟಿನ ಒಳಗೆ 'ಯು' ವೀಸಾ ಅಂತ ಸ್ಟಿಕರ್ ಅಂಟಿಸುತ್ತಿದ್ದರು. ಪಾಸ್‌ಪೋರ್ಟ್ ಅವಧಿ ಮುಗಿದರೂ ಆ ಸ್ಟಿಕರ್‌ಗೋಸ್ಕರ ಹಳೇದನ್ನೂ ಹೊತ್ತುಕೊಂಡು ಬರಬೇಕಿತ್ತು. ನನ್ನ ಹೆಂಡತಿ ಹಳೇದು, ಹೊಸದು, ಓಸಿಐ ಮೂರನ್ನೂ ಸೇರಿಸಿ ಕೊತ್ತಂಬರಿ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದಳು. 2021ರ ಮಾರ್ಚ್‌ನಲ್ಲಿ ಹಳೇದು ಬೇಕಿಲ್ಲ ಅಂದರು. ರಬ್ಬರ್ ಬ್ಯಾಂಡ್ ಮಾತ್ರ ಈಗಲೂ ಇದೆ.

ಅದೇ ಮಾರ್ಚ್ 4ನೇ ತಾರೀಖಿನ ಅಧಿಸೂಚನೆ ನೋಡಿ. ಸಂಶೋಧನೆ, ಪತ್ರಿಕಾ ಕೆಲಸ, ಮಿಷನರಿ ಕೆಲಸ, ತಬ್ಲೀಗ್ (ಇಸ್ಲಾಂ ಧರ್ಮಪ್ರಚಾರ), ಪರ್ವತಾರೋಹಣ ಇದಕ್ಕೆಲ್ಲ ಓಸಿಐ ಇದ್ದರೂ ವಿಶೇಷ ಅನುಮತಿ ಬೇಕು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಕ್ಷಣ ಕೇಳಿದ, "ಕುಮಾರಪರ್ವತ ಹತ್ತಿದರೆ ಪರ್ವತಾರೋಹಣ ಆಗುತ್ತಾ?" ನಕ್ಕೆವು. ಸಂಶೋಧನೆ ಅನ್ನುವ ಪದಕ್ಕೆ ಮಾತ್ರ ನಗು ಬರಲಿಲ್ಲ. ಗುಂಪಿನಲ್ಲೇ ಇಬ್ಬರು ಪ್ರೊಫೆಸರ್‌ಗಳಿದ್ದರು.

ಮಕ್ಕಳ ಓದಿನ ವಿಷಯದಲ್ಲಿ ಪೆಟ್ಟು ಜೋರಾಗೇ ಬಿತ್ತು. ಅಮೆರಿಕದಲ್ಲಿ ಹುಟ್ಟಿ, ಎರಡು ವರ್ಷಕ್ಕೇ ಬೆಂಗಳೂರಿಗೆ ಬಂದು, ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಇಲ್ಲೇ ಓದಿದ ಮಕ್ಕಳು ಎಷ್ಟಿಲ್ಲ? ಅವರಿಗೆ ಕನ್ನಡ ನನ್ನ ಮಗಳಿಗಿಂತ ಚೆನ್ನಾಗಿ ಬರುತ್ತದೆ. ವೃತ್ತಿಪರ ಕೋರ್ಸಿನ ಸೀಟಿಗೆ ಇಂಥವರನ್ನು ಭಾರತೀಯರ ಹಾಗೇ ನೋಡಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಮೂರು ತಿಂಗಳೂ ಆಗಿರಲಿಲ್ಲ, ಮಾರ್ಚ್‌ನ ಅಧಿಸೂಚನೆ ಬಂತು: ನೀಟ್, ಜೆಇಇ ಬರೆಯಿರಿ, ಆದರೆ ಸಿಗುವುದು ಎನ್‌ಆರ್‌ಐ ಸೀಟು ಮಾತ್ರ. ಎನ್‌ಆರ್‌ಐ ಸೀಟು ಅಂದರೆ ಫೀಸು ಎಷ್ಟು ಅಂತ ಮೆಡಿಕಲ್ ಓದಿಸಿದವರನ್ನು ಕೇಳಿ. ಇಲ್ಲಿ ಸಂಬಳ ತಗೊಳ್ಳುವ ಅಪ್ಪ ಡಾಲರ್ ಲೆಕ್ಕದಲ್ಲಿ ಫೀಸು ಎಲ್ಲಿಂದ ತರುತ್ತಾನೆ? ಕೊನೆಗೆ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಆ ನಿಯಮ 2021ರ ಮಾರ್ಚ್ 4ರ ನಂತರ ಕಾರ್ಡು ಪಡೆದವರಿಗೆ ಮಾತ್ರ ಅಂತ ತೀರ್ಪು ಕೊಟ್ಟಿತು. ಅದಕ್ಕೂ ಮುಂಚೆ ಕಾರ್ಡು ಪಡೆದ ಮಕ್ಕಳು ಬಚಾವ್. ಅದಾದ ಮೇಲೆ ಪಡೆದ ಮಗುವಿನ ಮನೆಯವರು ಈಗಿನಿಂದಲೇ ಉಳಿಸುತ್ತಿರಬೇಕು.

ಇನ್ನೊಂದು ನನ್ನದೇ ಕಥೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿಯೇ ಬರೆಯುತ್ತಿದ್ದೇನೆ.

2020ರ ಮಾರ್ಚ್ 13ರಿಂದ ಓಸಿಐ ಕಾರ್ಡಿನವರು ವೀಸಾ ಇಲ್ಲದೆ ಬರುವುದನ್ನು ತಡೆಹಿಡಿದರು. ಜೀವನಪೂರ್ತಿಯ ವೀಸಾ ಅಂದಿದ್ದು ಒಂದೇ ಆದೇಶದಲ್ಲಿ ನಿಂತುಹೋಯಿತು. ಕೋವಿಡ್ ಕಾಲ, ಸ್ವಲ್ಪ ದಿನದಲ್ಲಿ ವಿಮಾನಗಳೇ ನಿಂತವು, ಅದನ್ನು ದೂರಿ ಪ್ರಯೋಜನ ಇಲ್ಲ. ಮೇ 7ಕ್ಕೆ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು, ಭಾರತೀಯ ಪೌರರಿಗೆ. ಮೇ 8ರ ಬೆಳಗಿನ ಜಾವ ಅಪ್ಪಯ್ಯ ಹೋದರು. ತಮ್ಮ ಹೇಗೋ ಲಂಡನ್‌ನಿಂದ ಸೀಟು ಹಿಡಿದ. ನನ್ನ ಹೆಸರು ಯಾವ ಪಟ್ಟಿಗೂ ಸೇರುವಂತಿರಲಿಲ್ಲ. 20ನೇ ತಾರೀಖು ವೈಕುಂಠ ಸಮಾರಾಧನೆ ಮುಗಿಯಿತು. ಮನೆಯಲ್ಲಿ ಸಾವಿನಂಥ ತುರ್ತು ಇದ್ದರೆ ಓಸಿಐನವರೂ ಬರಬಹುದು ಅಂತ ಆದೇಶ ಹೊರಟಿದ್ದು 22ಕ್ಕೆ.

ತಮ್ಮನಿಗಾದರೂ ಅಪ್ಪಯ್ಯನ ಕಾರ್ಯ ಸಿಕ್ಕಿತಾ ಅಂದರೆ ಅದೂ ಇಲ್ಲ. ಅವನು ಬೆಂಗಳೂರಿನ ಹೋಟೆಲ್ ಕೋಣೆಯಲ್ಲಿ ಕ್ವಾರಂಟೈನ್. ನಾನು ಕ್ಯಾಲಿಫೋರ್ನಿಯಾದಲ್ಲಿ, ಅವನು ಊರಿಂದ ಒಂದು ರಾತ್ರಿಯ ಬಸ್ಸಿನಷ್ಟು ದೂರದಲ್ಲಿ. ಇಬ್ಬರೂ ಚಿಕ್ಕಪ್ಪನ ಫೋನಿನಲ್ಲೇ ಎಲ್ಲಾ ನೋಡಿದೆವು. ಊರಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಪಿಂಡ ಇಡುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತಿತು.

ಇಷ್ಟಾದರೂ ಓಸಿಐಯಿಂದ ಉಪಕಾರವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಎಷ್ಟು ತಿಂಗಳಿದ್ದರೂ ಪೊಲೀಸ್ ನೋಂದಣಿ ಇಲ್ಲ. ಬ್ಯಾಂಕು, ಫ್ಲ್ಯಾಟು, ವ್ಯಾಪಾರ ಎಲ್ಲಾ ಮಾಡಬಹುದು. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ವಿದೇಶಿಯರ ಟಿಕೆಟ್ 600 ರೂಪಾಯಿ, ನಮಗೆ ಭಾರತೀಯರ 40 ರೂಪಾಯಿ. ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಮಕ್ಕಳ ಕಾರ್ಡು ಹೊಸದು ಮಾಡಿಸುವ ಗೋಳನ್ನು 2021ರ ಏಪ್ರಿಲ್‌ನಲ್ಲಿ ತೆಗೆದರು. ಈಗ 20 ವರ್ಷ ತುಂಬಿದ ಮೇಲೆ ಒಂದೇ ಸಲ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2025ರ ಜನವರಿಯಿಂದ ಭಾರತೀಯರ ಜೊತೆ ಓಸಿಐನವರಿಗೂ ಇ-ಗೇಟ್ (ತಾನಾಗಿಯೇ ಪಾಸ್‌ಪೋರ್ಟ್ ಪರಿಶೀಲಿಸಿ ಒಳಬಿಡುವ ಗೇಟು) ಇದೆ, ಮೊದಲೇ ನೋಂದಾಯಿಸಿಕೊಂಡಿರಬೇಕು ಅಷ್ಟೇ. ಒಳ್ಳೇ ಕೆಲಸ.

ಆದರೆ 2025ರ ಆಗಸ್ಟ್‌ನಲ್ಲಿ ಬಂದ ಇನ್ನೊಂದು ಅಧಿಸೂಚನೆಯ ಬಗ್ಗೆ ನಮ್ಮವರು ಯಾಕೋ ಜಾಸ್ತಿ ಮಾತಾಡುತ್ತಿಲ್ಲ. ಎರಡು ವರ್ಷ ಅಥವಾ ಮೇಲ್ಪಟ್ಟು ಜೈಲು ಶಿಕ್ಷೆಯಾದರೆ ಓಸಿಐ ರದ್ದು ಮಾಡಬಹುದು. ಇದು ಸರಿ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಕ್ಕೆ ಚಾರ್ಜ್‌ಶೀಟ್ ಹಾಕಿದರೂ ರದ್ದು ಮಾಡಬಹುದು. ಇದು ಹೇಗೆ ಸರಿ? ಚಾರ್ಜ್‌ಶೀಟ್ ಅಂದರೆ ಪೊಲೀಸರ ವಾದ, ತೀರ್ಪಲ್ಲ. ದಾಯಾದಿ ಜಗಳದಲ್ಲಿ ಯಾರ್ಯಾರ ಮೇಲೆ ಏನೇನು ಕೇಸು ಬೀಳುತ್ತದೆ ಅಂತ ಊರಲ್ಲಿ ಜಮೀನಿರುವವರಿಗೆ ನಾನು ಹೇಳಬೇಕಾ? ರದ್ದು ಮಾಡುವ ಮುಂಚೆ ನಮ್ಮ ಮಾತು ಕೇಳಬೇಕು ಅಂತ ಕಾಯ್ದೆಯಲ್ಲಿದೆ, ಅದೊಂದೇ ಸಮಾಧಾನ.

ಅದಕ್ಕೇ ಹೇಳಿದ್ದು, ಇದನ್ನು ವೀಸಾ ಅಂತಲೇ ಕರೆಯಿರಿ. ದೀರ್ಘಾವಧಿ ವೀಸಾ ಅನ್ನಿ, ಮೂಲ ಭಾರತೀಯರ ಪರವಾನಗಿ ಅನ್ನಿ. ನಮಗೇನೂ ಅವಮಾನ ಇಲ್ಲ. ಕೊಡುವ ಹಕ್ಕುಗಳನ್ನು ಮಾತ್ರ ಕಾಯ್ದೆಯೊಳಗೇ ಬರೆಯಿರಿ, ಬದಲಿಸುವುದಾದರೆ ಸಂಸತ್ತಿನಲ್ಲಿ ಚರ್ಚೆಯಾಗಿ ಬದಲಾಗಲಿ. ನಮ್ಮವರಿಗೂ ಒಂದು ಮಾತು: ಸ್ಯಾನ್ ಹೋಸೆಯಲ್ಲಿ ಆಗಸ್ಟ್ 15ಕ್ಕೆ ಬಾವುಟ ಹಿಡಿದು ಸೆಲ್ಫಿ ಹಾಕುವ ಎಷ್ಟು ಜನ ತಮ್ಮ ಕಾರ್ಡಿನ ನಿಯಮ ಒಂದು ಸಲವಾದರೂ ಓದಿದ್ದೀರಿ?

ಭಟ್ಟರು ಎದ್ದು ಹೋಗುವಾಗ ಅಮ್ಮ ಒಳಗಿನಿಂದ ಕೇಳಿದಳು, "ಹಾಗಾದರೆ ವಾಪಸ್ ಇಲ್ಲಿಯವನಾಗೋಕೆ ಆಗಲ್ವನಾ?" ಆಗುತ್ತದೆ. ಓಸಿಐ ಆಗಿ ಐದು ವರ್ಷ ಕಳೆದಿರಬೇಕು, ಅರ್ಜಿ ಹಾಕುವ ಮುಂಚೆ ಒಂದು ವರ್ಷ ಭಾರತದಲ್ಲೇ ವಾಸ ಇರಬೇಕು, ಅಮೆರಿಕದ್ದನ್ನು ಬಿಡಬೇಕು. ಐದು ವರ್ಷದ ಲೆಕ್ಕ ಯಾವತ್ತೋ ಮುಗಿದಿದೆ. ಅರ್ಜಿ ಫಾರಂ ಡೌನ್‌ಲೋಡ್ ಮಾಡಿಟ್ಟಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಅವಳು ಫೇಸ್‌ಬುಕ್ ನೋಡುವುದು ಭಾನುವಾರ ಮಾತ್ರ.