ಚಿಲಕ ಹಾಕುವ ಮುನ್ನ

ನಮ್ಮ ಮನೆಯಲ್ಲಿ ಬಚ್ಚಲು ಒಂದೇ. ಬೆಳಿಗ್ಗೆ ಏಳೂವರೆಗೆ ನಾನು ಒಳಗೆ ಸೇರಿ ಚಿಲಕ ಹಾಕಿಕೊಂಡು, ತಲೆಯಿಂದ ನೀರು ಸೋರುವಾಗ “ಅಮ್ಮಾ, ಟವಲ್!” ಎಂದು ಕೂಗುವುದು ಇಪ್ಪತ್ತು ವರ್ಷದ ಸಂಪ್ರದಾಯ. ಟವಲ್ ಇರುವುದು ಮಹಡಿಯ ತಂತಿಯ ಮೇಲೆ. ಅಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಇಳಿಯುವವರೆಗೆ ನಾನು ಒಳಗೆ ನಡುಗಬೇಕು, ಆಫೀಸಿಗೆ ಹೊತ್ತಾದ ಹೆಂಡತಿ ಹೊರಗೆ ಶತಪಥ ಹಾಕಬೇಕು.

ಹೊಟ್ಟೆಪಾಡಿಗೆ ನಾನು ಲಿನಕ್ಸ್ ಕರ್ನೆಲ್‌ನ (ಕಂಪ್ಯೂಟರ್ ನಡೆಸುವ ತಂತ್ರಾಂಶದ ತಿರುಳು) ಮೆಮೊರಿ ಭಾಗಕ್ಕೆ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವವನು. ಕಳೆದ ತಿಂಗಳು ತಂಡದ ಹೊಸ ಹುಡುಗ 37 ಸಾಲಿನ ಪ್ಯಾಚ್, ಅಂದರೆ ಕೋಡಿಗೊಂದು ತಿದ್ದುಪಡಿ, ಕಳಿಸಿದ. ಐನೂರು ಸಾಲಿದ್ದರೆ “ಚೆನ್ನಾಗಿದೆ” ಅಂದು ಕೈತೊಳೆದುಕೊಳ್ಳುತ್ತಿದ್ದೆನೇನೋ. 37 ಸಾಲು ಕಂಡರೆ ನನ್ನೊಳಗಿನ ಪಂಡಿತ ಎದ್ದು ಕೂರುತ್ತಾನೆ. ಕಾಮೆಂಟಿನಲ್ಲಿ ‘ರಿಸೀವ್’ ಸ್ಪೆಲಿಂಗ್ ತಪ್ಪು. ಕರ್ನೆಲ್ ಶಾಸ್ತ್ರದ ಪ್ರಕಾರ ಒಂದು ಟ್ಯಾಬ್ ಅಂದರೆ 8 ಅಕ್ಷರದ ಜಾಗ. ಈ ಮಹಾನುಭಾವ ಟ್ಯಾಬ್ ಬಿಟ್ಟು ಎಂಟು ಸ್ಪೇಸ್ ಒತ್ತಿದ್ದ. ಹನ್ನೊಂದು ಆಕ್ಷೇಪಣೆ ಬರೆದೆ. (ಅದರಲ್ಲಿ ಒಂಬತ್ತನ್ನು ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ರೆಪ್ಪೆ ಬಡಿಯುವಷ್ಟರಲ್ಲಿ ಹೇಳುತ್ತಿತ್ತು. ಪಾಪ, ಅದಕ್ಕೆ ಸಂಬಳವಿಲ್ಲ.) ತಿದ್ದಿ ಕಳಿಸಿದ. ನನ್ನ 32 ಜಿಬಿ ಮಷೀನಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿತು. ‘ರಿವ್ಯೂಡ್ ಬೈ’ ಎಂದು ಹೆಸರು ಹಾಕಿ ಕಾಫಿ ಕುಡಿದೆ.

ಮೂರನೇ ದಿನ, ಟೆಸ್ಟ್ ಮಾಡುವ ಸಹೋದ್ಯೋಗಿಯ ಮಷೀನು ಕಿರುಚಿಕೊಂಡಿತು: “ಬಗ್: ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್.” ಮಲಗಬಾರದ ಕಡೆ ಮಲಗುವ ಏರ್ಪಾಡು ಎಂದರ್ಥ. ಹೆಂಡತಿ ಇಣುಕಿ ನೋಡಿ, “ನೀವು ರಿವ್ಯೂ ಮಾಡೋ ಭಂಗಿ ಅದಕ್ಕೂ ಗೊತ್ತಾಯ್ತಾ?” ಅಂದಳು.

ಹುಡುಗ ಸ್ಪಿನ್‌ಲಾಕ್, ಅಂದರೆ ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ, ಹಾಕಿಕೊಂಡ ಮೇಲೆ ‘ಜಿಎಫ್‌ಪಿ ಕರ್ನೆಲ್’ ಎಂಬ ಚೀಟಿ ಕೊಟ್ಟು ಮೆಮೊರಿ ಕೇಳಿದ್ದ. “ಈಗ ಇಲ್ಲದಿದ್ದರೆ ಪರವಾಗಿಲ್ಲ, ಮೆಮೊರಿಯ ಯಾವುದಾದರೂ ಹಳೇ ಪುಟ ಖಾಲಿ ಮಾಡಿಸಿ ಕೊಡಿ, ಅಲ್ಲೀತನಕ ಒಂದು ನಿದ್ದೆ ತೆಗೀತೀನಿ” ಎನ್ನುವ ಚೀಟಿ ಅದು. ಅದೇ ಲಾಕಿಗೆ ಹೊರಗೆ ಕಾದಿರುವ ಸಿಪಿಯುಗಳಿಗೆ ಮಾತ್ರ ಮಲಗುವ ಭಾಗ್ಯವಿಲ್ಲ; ಬೇರೆ ಕೆಲಸ ಬಿಟ್ಟು ಸುತ್ತುತ್ತಲೇ ಇರಬೇಕು. ಮೆಮೊರಿ ಹೇರಳವಾಗಿದ್ದರೆ ಕೇಳಿದ ಕೂಡಲೇ ಸಿಕ್ಕಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ನನ್ನ 32 ಜಿಬಿ ಸಿರಿವಂತಿಕೆಯಲ್ಲಿ ಆಗಿದ್ದೂ ಅದೇ. ಮಲಗದಿದ್ದರೂ ಮಲಗುವ ಸಂಭವ ಕಂಡರೇ ಬೈಯುವ ಡೀಬಗ್ ಆಯ್ಕೆಯೊಂದಿದೆ. ವೇಗ ತಗ್ಗುತ್ತದೆಂದು ಅದನ್ನು ಆಫ್ ಮಾಡಿಟ್ಟವನೂ ನಾನೇ.

ಹುಡುಗನಿಗೆ ಫೋನ್ ಮಾಡಿದೆ.

“ಸರ್, ಜಿಎಫ್‌ಪಿ ಅಟಾಮಿಕ್ ಹಾಕಿಬಿಡ್ಲಾ? ಅದು ಮಲಗಲ್ವಲ್ಲ.”

“ಅದು ಸಾಸಿವೆ ಡಬ್ಬಿ ದುಡ್ಡು ಕಣಪ್ಪ. ಕಷ್ಟಕಾಲಕ್ಕೆ ಅಂತ ಇಟ್ಟಿರೋದು, ಅದೂ ಖಾಲಿಯಾಗಿರಬಹುದು. ಬೇಕಾದ್ದನ್ನ ಮೊದಲೇ ಕೈಯಲ್ಲಿ ಹಿಡ್ಕೊಂಡು ಆಮೇಲೆ ಲಾಕ್ ಹಾಕ್ಬೇಕು. ಇಷ್ಟು ಸಣ್ಣ ವಿಷಯ ಹೊಳೀಲಿಲ್ವಾ?”

ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಅಮ್ಮ ಹೊರಗೆ ಬಂದರು. “ಇನ್ನೊಂದ್ಸಲ ಹೇಳು?”

ಮಾರನೇ ದಿನ ಏಳೂವರೆಗೆ ಸ್ನಾನ ಮುಗಿಸಿ ಗೂಟದ ಕಡೆ ಕೈಚಾಚಿದೆ. ಗೂಟ ಬೋಳು. ಹೊರಗೆ ಹೆಂಡತಿಯ ಹೆಜ್ಜೆ ಸಪ್ಪಳ ಆಗಲೇ ಸುತ್ತು ಹಾಕುತ್ತಿತ್ತು.