ಡೆಬ್ರಿಸ್

ಮೊಮ್ಮಗಳಿಗೆ ಮರುದಿನ ಡಿಕ್ಟೇಷನ್ ಇತ್ತು. ಏಳನೇ ಕ್ಲಾಸು, ಹತ್ತು ಪದ. ಪಾಠ ಭೂಕಂಪ, ಸುನಾಮಿಗಳದ್ದು. ಜೊತೆಗೆ ಪ್ರಾಣಿಗಳ ಕಿವಿ, ಮೂಗು ಎಷ್ಟು ಚುರುಕು ಅನ್ನೋದು. "ತಾತ, ನೀನು ಹೇಳು, ನಾನು ಬರೀತೀನಿ" ಅಂದಳು. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಮೊದಲನೇ ಪದ ಓದಿದೆ: "ಡೆಬ್ರಿಸ್."

ಅವಳು ಪೆನ್ಸಿಲ್ ಕೆಳಗಿಟ್ಟಳು. "ಡೆಬ್ರಿಸ್ ಅಲ್ಲ ತಾತ. ಡೆಬ್ರಿ. ಎಸ್ ಸೈಲೆಂಟು."

ಡೆಬ್ರಿಸ್ ಅಂದರೆ ಒಡೆದು ಬಿದ್ದ ಕಲ್ಲು, ಮಣ್ಣು, ಧೂಳು. ಮೂವತ್ತು ವರ್ಷ ಗುತ್ತಿಗೆದಾರರಿಗೆ "ಡೆಬ್ರಿಸ್ ತೆಗೀರಿ" ಎಂದು ಪತ್ರ ಬರೆದವನು ನಾನು. ಫೋನಿನಲ್ಲಿ ಕೂಗಿದ್ದೇನೆ. ಮೀಟಿಂಗಿನಲ್ಲಿ ಮೇಜು ಕುಟ್ಟಿದ್ದೇನೆ. ಒಬ್ಬನಾದರೂ ತಿದ್ದಲಿಲ್ಲ. ಹಾಗೆ ನೋಡಿದರೆ ಒಬ್ಬನೂ ತೆಗೆಯಲೂ ಇಲ್ಲ. ಅದು ಬೇರೆ ವಿಷಯ.

ಸೈಲೆಂಟ್ ಆಗಿರುವ ಅಕ್ಷರಕ್ಕೆ ಅಲ್ಲೇನು ಕೆಲಸ? ಸುನಾಮಿಯನ್ನೇ ನೋಡಿ. ಜಪಾನೀ ಮಾತು. ತ್ಸು ಅಂದರೆ ಬಂದರು, ನಾಮಿ ಅಂದರೆ ಅಲೆ. ಜಪಾನಿನವರು ಆ 'ತ್ಸು'ವನ್ನು ಚೆನ್ನಾಗಿಯೇ ಹೇಳುತ್ತಾರೆ. ಇಂಗ್ಲಿಷಿನವರು ಅದರ ಟಿ ನುಂಗಿಬಿಟ್ಟರು. ನುಂಗಿದ ಮೇಲೆ ಬರೆಯೋದನ್ನಾದರೂ ಬಿಡಬಾರದಾ? ಅದಕ್ಕಿಂತ ಸೈಕ್ಲೋನ್ ವಾಸಿ, ಕೊನೆಯ ಇ ಒಂದನ್ನು ಬಿಟ್ಟರೆ ಬರೆದಷ್ಟು ಓದಬಹುದು. ಅದು ನಮ್ಮ ಕಲ್ಕತ್ತದಲ್ಲೇ ಹುಟ್ಟಿದ ಪದ. ಅಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತ 1848ರಲ್ಲಿ ಗ್ರೀಕಿನಿಂದ ತೆಗೆದು ಕಟ್ಟಿದ. ಹಾವು ಸುರುಳಿ ಸುತ್ತಿದ ಹಾಗೆ ಗಾಳಿ ಸುತ್ತುತ್ತದಲ್ಲ, ಅದಕ್ಕೆ.

ಮೂಗಿನ ಪದಗಳಂತೂ ಕೇಳಬೇಡಿ. ಸ್ಮೆಲ್ ಬೇರೆ, ಸ್ನಿಫ್ ಬೇರೆ, ಸೆಂಟ್ ಬೇರೆ. ಸೆಂಟಿನಲ್ಲಿ ಒಂದು ಸಿ ಸುಮ್ನೆ ಕೂತಿದೆ. ನಮ್ಮಲ್ಲಿ ನಾಯಿ ಮೂಸುತ್ತದೆ, ಮುಂದಕ್ಕೆ ಹೋಗುತ್ತದೆ.

ಪಾಠದಲ್ಲಿ 2004ರ ಡಿಸೆಂಬರ್ 26ರ ಕತೆ ಇತ್ತು. ಶ್ರೀಲಂಕಾದ ಯಾಲ ಕಾಡಿಗೆ ಸುನಾಮಿ ನುಗ್ಗಿ ಜನ ಸತ್ತರು. ಪ್ರಾಣಿಗಳ ಹೆಣ ಮಾತ್ರ ಕಾಣಲಿಲ್ಲ ಎಂದು ಅಲ್ಲಿನವರು ಹೇಳಿದ್ದರು. ನಮ್ಮ ಕಿವಿಗೆ ಬೀಳದ ತಗ್ಗುದನಿ ಆನೆಗೆ ಕೇಳುತ್ತದೆ, ನೆಲದ ನಡುಕ ಅದರ ಪಾದಕ್ಕೆ ತಿಳಿಯುತ್ತದೆ. ಇದನ್ನೆಲ್ಲ ಓದಿ ಮೊಮ್ಮಗಳು ಕೇಳಿದಳು: "ನಮ್ಮ ಕರಿಯಂಗೂ ಗೊತ್ತಾಗತ್ತಾ ತಾತ?"

ಈ ಪದಗಳ ಬಗ್ಗೆ ಒಂದು ಮುಖ್ಯವಾದ ಮಾತು ಹೇಳೋಣ ಅಂತಲೇ ಬರೆಯಲು ಕೂತದ್ದು. ಅದಕ್ಕೆ ಮೊದಲು ಕರಿಯನ ವಿಷಯ ಮುಗಿಸಿಬಿಡುತ್ತೇನೆ.

ಕರಿಯ ಹನುಮಂತನಗರದ ನಮ್ಮ ಬೀದಿಯ ನಾಯಿ. ಹೋದ ಬೇಸಿಗೆಯಲ್ಲಿ ಒಂದು ರಾತ್ರಿ, ಹನ್ನೆರಡೂವರೆ ಇರಬಹುದು, ಮಂಚ ನಡುಗಿತು. ಷೋಕೇಸಿನ ಗಾಜು ಗಲಗಲ ಅಂದಿತು. ಎದುರುಮನೆ ರಾಯರು "ಭೂಕಂಪ! ಎಲ್ಲಾ ಆಚೆ ಬನ್ನಿ!" ಎಂದು ಕಿರುಚಿಕೊಂಡರು. ಐದು ನಿಮಿಷದಲ್ಲಿ ಬೀದಿಗೆ ಬೀದಿಯೇ ಹೊರಗೆ. ಹೆಂಗಸರು ನೈಟಿಯ ಮೇಲೆ ಟವೆಲ್ ಹೊದ್ದಿದ್ದರು. ರಾಯರ ಕಂಕುಳಲ್ಲಿ ಮನೆಯ ಖಾತಾ, ಕ್ರಯಪತ್ರ ಇದ್ದ ಪ್ಲಾಸ್ಟಿಕ್ ಕವರು. ಅವರ ಹೆಂಡತಿ ಇನ್ನೂ ಒಳಗೇ ಇದ್ದರು. ಮೂಲೆಮನೆಯಾಕೆ ಹೊಸ ಮಿಕ್ಸಿ ಎತ್ತಿಕೊಂಡು ಬಂದಿದ್ದರು, ಜಾರ್ ಬಿಟ್ಟು. ನನ್ನ ಕೈಯಲ್ಲಿ ಟಿವಿ ರಿಮೋಟ್ ಇತ್ತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹೆಂಡತಿ ಮಾತ್ರ ಆಗಾಗ ಕೇಳುತ್ತಿರುತ್ತಾಳೆ.

ಭೂಕಂಪ ಆಗಿರಲಿಲ್ಲ. ಹಿಂದಿನ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಗೆ ಬೋರ್ ಕೊರೆಯುತ್ತಿದ್ದರು. ತಮಿಳುನಾಡಿನ ತಿರುಚೆಂಗೋಡಿನ ಲಾರಿ. ಅರ್ಧ ದೇಶಕ್ಕೆ ಬೋರ್ ಲಾರಿ ಹೋಗೋದು ಆ ಊರಿಂದಲೇ. ಹೋಗಿ ನೋಡಿದರೆ ಟ್ಯೂಬ್‌ಲೈಟಿನ ಬೆಳಕಲ್ಲಿ ಕಲ್ಲುಪುಡಿ ಮಂಜಿನ ಹಾಗೆ ಎದ್ದಿದೆ. ಕಬ್ಬಿಣದ ಪೈಪು ಒಂದರ ಹಿಂದೊಂದು ಇಳೀತಾ ಇದೆ. ಎಷ್ಟಾಯ್ತಪ್ಪಾ ಎಂದರೆ "ಒಂಬೈನೂರು ಅಡಿ ಸಾರ್, ಬರೀ ಧೂಳು" ಎಂದ ಹುಡುಗ. ಮನೆ ಕಟ್ಟಿಸುವವರು ಮೂಲೆಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದರು. ಬೈಯೋಣ ಅಂತ ಹೋದವನಿಗೆ ಬಾಯಿ ಬರಲಿಲ್ಲ. ಆಮೇಲೆ ಬಂದಿದೆ, ಬಿಡಿ. ಬೆಳಿಗ್ಗೆ ಎದ್ದರೆ ನಮ್ಮ ಕಾರು, ತುಳಸಿಕಟ್ಟೆ, ಒಣಗಿಹಾಕಿದ್ದ ಪಂಚೆ, ಎಲ್ಲದರ ಮೇಲೂ ಬೂದಿಬಣ್ಣದ ಪುಡಿ. ಒರೆಸಿದಷ್ಟೂ ಮೆತ್ತಿಕೊಳ್ಳುತ್ತಿತ್ತು. ಮೂರು ದಿನ ಒರೆಸಿದ್ದೇನೆ. ಅದೇ ಡೆಬ್ರಿಸ್. ಎಸ್ ಸಮೇತ.

ಕರಿಯ? ಇಷ್ಟೂ ಹೊತ್ತು ರಾಯರ ಕಾರಿನ ಕೆಳಗೆ ಮಲಗಿದ್ದ. ನೆಲ ನಡುಗಿದರೂ ಕಿವಿ ನಿಮಿರಲಿಲ್ಲ. ಎರಡು ಗಂಟೆಗೆ ಬೋರಿನ ಹುಡುಗರು ಎಗ್‌ರೈಸ್ ಪೊಟ್ಟಣ ಬಿಚ್ಚಿದರು ನೋಡಿ, ಆಗ ಎದ್ದು, ಮೈ ಮುರಿದು, ಓಣಿ ಸುತ್ತಿಕೊಂಡು ನೆಟ್ಟಗೆ ಅಲ್ಲಿಗೆ ಹೋದ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳುವಷ್ಟರಲ್ಲಿ ಊಟದ ಹೊತ್ತಾಯಿತು. ಉಳಿದ ಒಂಬತ್ತು ಪದ ಅವಳೇ ಓದಿಕೊಂಡಳು.

ಮರುದಿನ ಹತ್ತಕ್ಕೆ ಒಂಬತ್ತು. "ಯಾವುದು ಹೋಯ್ತು?" ಎಂದೆ. ಪುಸ್ತಕ ಕೊಡಲಿಲ್ಲ, ನಾನೇ ಇಸಕೊಂಡು ನೋಡಿದೆ. ಡಿ, ಇ, ಬಿ, ಆರ್, ಐ. ಮುಂದೆ ಕೆಂಪು ಇಂಕಿನಲ್ಲಿ ಮಿಸ್ಸು ಬರೆದ ಎಸ್, ಸುತ್ತ ಒಂದು ಸೊನ್ನೆ.

"ಮಿಸ್ಸು ಡೆಬ್ರಿ ಅಂದ್ರು ತಾತ. ಡೆಬ್ರಿ ಅಂತ ಬರೆದೆ."

ನಾನು ಅವಳಿಗೆ ಏನೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಗೆ ಮಾತ್ರ ಎರಡು ಸಲ ಹೇಳಿದೆ.