ವೆಂಬನಾಡಿನಲ್ಲಿ ನಳದ ಚಿಂತೆ

ಹೌಸ್‌ಬೋಟ್ ಸಂಜೆ ಐದೂವರೆಗೆಲ್ಲ ನಿಂತುಬಿಡುತ್ತದೆ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ಹೋಗಿ ಬಂದವರೆಲ್ಲ ಕರಿಮೀನು, ತೆಂಗಿನ ಸಾಲು, ಕೆಂಪು ಸೂರ್ಯ ಅಂತ ಫೋಟೋ ತೋರಿಸುತ್ತಾರೆ ಅಷ್ಟೇ. ರಾತ್ರಿಯಿಡೀ ಬೆಳದಿಂಗಳಲ್ಲಿ ತೇಲಿಕೊಂಡು ಹೋಗುವುದು ಅಂತ ನಾವು ಗಂಡ ಹೆಂಡತಿ ಮನೆಯಲ್ಲೇ ಕೂತು ಆಸೆ ಕಟ್ಟಿಕೊಂಡಿದ್ದೆವು. ದಸರಾ ರಜೆಯ ಗದ್ದಲ ಮುಗಿದಿರುತ್ತದೆ, ದೀಪಾವಳಿ ಗದ್ದಲ ಶುರುವಾಗಿರುವುದಿಲ್ಲ, ರೇಟೂ ಕಡಿಮೆ ಅಂತ ಅಕ್ಟೋಬರ್ ಹಿಡಿದೆವು. ಕೇರಳದ ಆಲಪ್ಪುಳದಲ್ಲಿ ಹತ್ತಿದ ದೋಣಿ ಊಟಕ್ಕೆ ಅಂತ ಒಂದು ತಾಸು ನಿಂತಿತು. ಹೋಗಲಿ ಬಿಡಿ. ಬಿಸಿಲಿಳಿದು ಗಾಳಿ ತಣ್ಣಗಾಗಿ ಈಗ ನೋಡು ಮಜಾ ಅನ್ನುವಷ್ಟರಲ್ಲಿ, ದೋಣಿಯವನು ದಂಡೆಗೆ ತಂದು ತೆಂಗಿನ ಮರಕ್ಕೆ ಹಗ್ಗ ಬಿಗಿದ. ಎಂಜಿನ್ ಬಂದ್.

"ಇದೇನ್ರೀ, ನಿಂತ ಬಿಡ್ತಲ್ಲ?" ಅಂದಳು ಮನೆಯಾಕೆ.

ರಾತ್ರಿ ಮೀನುಗಾರರು ಬಲೆ ಹಾಕುತ್ತಾರಂತೆ. ದೊಡ್ಡ ದೋಣಿ ಓಡಾಡಿದರೆ ಬಲೆ ಹರಿಯುತ್ತದೆ. ನ್ಯಾಯವಾದ ಮಾತೇ. ಅವರ ಹೊಟ್ಟೆಪಾಡಿನ ಮುಂದೆ ನಮ್ಮ ಬೆಳದಿಂಗಳೇನು ದೊಡ್ಡದು? ಆದರೆ ನಮ್ಮ ಬಗಲಿಗೇ ಇನ್ನೊಂದು ದೋಣಿ ಬಂದು ನಿಂತಿತು, ಅದರ ಬಗಲಿಗೆ ಮತ್ತೊಂದು. ಸ್ವಲ್ಪ ಹೊತ್ತಿಗೆ ಅಲ್ಲೊಂದು ಓಣಿಯೇ ಆಯಿತು. ಒಂದರಲ್ಲಿ ಜನರೇಟರ್, ಇನ್ನೊಂದರಲ್ಲಿ ಸ್ಪೀಕರ್. ಹಾಡು ಯಾವ ಭಾಷೆಯದು ಅಂತಲೂ ತಿಳಿಯಲಿಲ್ಲ, ಬರೀ ಧಡ್ ಧಡ್ ಮಾತ್ರ ಕೇಳುತ್ತಿತ್ತು. ದುಡ್ಡು ಕೊಟ್ಟು ನೀರಿನ ಮೇಲೆ ಬಂದು ಡಿಜೆ ಹಾಕುವವರಿಗೆ ಬೇರೆ ಏನಾದರೂ ವ್ಯವಸ್ಥೆ ಮಾಡಬೇಕು. ಏನು ವ್ಯವಸ್ಥೆ ಅಂತ ಬರೆದರೆ ಚಂದ ಕಾಣುವುದಿಲ್ಲ.

ಅಷ್ಟರ ನಡುವೆಯೂ ನೀರು ನೋಡುತ್ತ ಕೂತಿದ್ದ ನನಗೆ ಏನೋ ಒಂದು ದೊಡ್ಡ ಮಾತು ಹೊಳೆಯುವುದರಲ್ಲಿತ್ತು. ವೆಂಬನಾಡ್ ಅಂದರೆ ಸಣ್ಣದಲ್ಲ. ದೇಶದ ಅತಿ ಉದ್ದದ ಸರೋವರ, ಸುಮಾರು 96 ಕಿ.ಮೀ. ಒಂದು ತುದಿ ಹುಬ್ಬಳ್ಳಿಯಲ್ಲಿಟ್ಟರೆ ಇನ್ನೊಂದು ತುದಿ ಹಾವೇರಿ ದಾಟಿರುತ್ತದೆ. ಅಷ್ಟು ನೀರಿನ ಮುಂದೆ ಕೂತ ಮನುಷ್ಯನಿಗೆ ಏನಾದರೂ ಹೊಳೆಯಲೇಬೇಕು, ಅಲ್ವಾ? ಇನ್ನೇನು ಹೊಳೆಯಿತು ಅನ್ನುವಾಗ ಫೋನ್ ಬಂತು. ಎದುರುಮನೆಯವರು.

"ಸರ, ನಳ ಬಂದಾವ್ರೀ. ನಿಮ್ಮ ಗೇಟಿನ ಕೀಲಿ ಯಾರ ಕಡೆ ಐತ್ರಿ?"

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಬಿಡಿಸಿ ಹೇಳಿದರೂ ತಿಳಿಯುವುದಿಲ್ಲ. 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಿಡಲು ಶುರು ಮಾಡಿದರು. ಆ ವಾರ್ಡಿನ ಬೀಗರು ನಮ್ಮ ಮನೆಗೆ ಬಂದು ಬಚ್ಚಲಿನ ಬ್ಯಾರಲ್ಲುಗಳನ್ನು ನೋಡುವ ರೀತಿಯೇ ಬೇರೆ. ನಮ್ಮ ಓಣಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ನಮಗೆ ಸವದತ್ತಿ ಕಡೆಯಿಂದ ಮಲಪ್ರಭೆ ತನಗೆ ತಿಳಿದಾಗ ಬರುತ್ತಾಳೆ. ನಾಲ್ಕು ದಿನಕ್ಕೆ ಬಂದಳೆಂದರೆ ಹಬ್ಬ. ವಾರ ದಾಟಿತೆಂದರೆ ಕೊಡ ಎಣಿಸಿ ಸ್ನಾನ. ನಡುರಾತ್ರಿ ಎರಡಕ್ಕೂ ಬರಬಹುದು, ಮದುವೆಗೆ ಹೊರಟು ಚಪ್ಪಲಿ ಮೆಟ್ಟುವಾಗಲೂ ಬರಬಹುದು.

ಮೊದಲು ನಳದಲ್ಲಿ ಸುಂಯ್ ಅಂತ ಗಾಳಿ. ಯಾವ ಅಲಾರಾಂಗೂ ಏಳದ ಮಕ್ಕಳು ಅದಕ್ಕೆ ಏಳುತ್ತಾರೆ. ಆಮೇಲೆ ನಾಲ್ಕು ತಂಬಿಗೆ ಕೆಂಪು ನೀರು, ಅದು ಗಿಡಕ್ಕೆ. ತಿಳಿಯಾದ ಮೇಲೆ ಮೊದಲು ಕುಡಿಯುವ ನೀರಿನ ತಾಮ್ರದ ಕೊಡ, ಹಿಂದೆ ಸ್ಟೀಲಿನ ಕೊಡ, ಆಮೇಲೆ ಬ್ಯಾರಲ್, ಕಡೆಗೆ ಸಂಪಿಗೆ ಪೈಪ್. ಈ ಪಾಳಿ ತಪ್ಪುವಂತಿಲ್ಲ. ಸಂಪು ಅರ್ಧ ಆಗುತ್ತಿದ್ದಂತೆ ಮೋಟರ್ ಹಚ್ಚಿ ಮೇಲಿನ ಟಾಕಿಗೆ ಏರಿಸಬೇಕು. ಏರಿಸಿದಷ್ಟೂ ಸಂಪಿನಲ್ಲಿ ಮತ್ತೆ ಜಾಗ. ಇಷ್ಟು ಮುಗಿಯುವತನಕ ಕರೆಂಟ್ ಹೋಗಬಾರದು, ಹೋಗುತ್ತದೆ. ಹೋದ ಪಾಳಿಯ ನೀರು ಕೊಡದಲ್ಲಿ ಉಳಿದಿದ್ದರೆ ಅದನ್ನು ಚೆಲ್ಲಿ ಹೊಸದು ತುಂಬುವುದು ನಮ್ಮ ಮನೆಯಾಕೆಯ ಪದ್ಧತಿ. ನೀರೇನು ಹಾಲಾ ಒಡೆಯೋಕೆ ಅಂತ ಕೇಳುತ್ತಲೇ ಇದ್ದೇನೆ. ಉತ್ತರ ಬಂದಿಲ್ಲ.

ನಮ್ಮ ಓಣಿಯ ತುದಿಗೆ ಒಂದು ಮನೆ ಇದೆ. ಯಾರದು ಅಂತ ಹೇಳುವುದಿಲ್ಲ. ಅವರು ನಳಕ್ಕೇ ನೇರ ಮೋಟರ್ ಹಚ್ಚುತ್ತಾರೆ. ಅಲ್ಲಿ ಗುರ್ ಅಂತ ಸಪ್ಪಳ ಬಂತೋ, ಇಲ್ಲಿ ನಮ್ಮ ನೀರು ತೊಟ್ಟಿಕ್ಕಲು ಶುರು. ಹಾಗೆ ಎಳೆದ ನೀರಿನಲ್ಲಿ ಅವರು ಕಾರು ತೊಳೆಯುತ್ತಾರೆ, ಕಟ್ಟೆ ತೊಳೆಯುತ್ತಾರೆ, ಮನೆ ಮುಂದಿನ ಡಾಂಬರು ರಸ್ತೆಯನ್ನೂ ತೊಳೆಯುತ್ತಾರೆ. ರಸ್ತೆ ತೊಳೆದು ಏನು ಸಾಧಿಸುತ್ತಾರೋ! ಟಾಕಿ ತುಂಬಿ ಗಟಾರಕ್ಕೆ ಹರಿಯುವಾಗ ಕೂಗಿ ಹೇಳಿದರೆ, "ಹೌದ್ರೀ? ಗೊತ್ತ ಆಗಲಿಲ್ಲ ನೋಡ್ರಿ" ಅನ್ನುತ್ತಾರೆ. ಪ್ರತಿ ಸಲವೂ ಗೊತ್ತಾಗುವುದಿಲ್ಲ. ಇಂಥವರಿಗೆ ಇಡೀ ವೆಂಬನಾಡ್ ಬರೆದುಕೊಟ್ಟರೂ ಸಾಲುವುದಿಲ್ಲ.

ಕೀಲಿ ನನ್ನ ತಮ್ಮನ ಹತ್ತಿರ. ತಮ್ಮ ಆ ದಿನವೇ ಗದಗಿಗೆ ಹೋಗಿದ್ದ. ನಾನು ಹೋಗಲಿ ಬಿಡ್ರಿ ಅನ್ನುವವನಿದ್ದೆ. ಮನೆಯಾಕೆ ಫೋನ್ ಕಸಿದುಕೊಂಡಳು. "ಅಕ್ಕಾರ ಅದಾರೇನ್ರಿ? ಕೊಡ್ರಿ ಅವರ ಕೈಯಾಗ. ಅಕ್ಕಾರ, ಕಂಪೌಂಡ್ ಮ್ಯಾಲಿಂದ ಪೈಪ್ ಒಗೀರಿ. ತುಳಸಿಕಟ್ಟಿ ಬಾಜೂಕ ಸಂಪಿನ ಮುಚ್ಚಳ ಐತಿ. ಕೋಲಿಲೆ ಸರಸ್ರಿ. ಕೋಲು? ಗ್ಯಾಲರ್ಯಾಗ ಬಟ್ಟಿ ಒಣ ಹಾಕೂದೈತಲ್ಲ, ಅದು." ಸಿಗ್ನಲ್ ಕಡಿಮೆ ಆದಷ್ಟೂ ಅವಳ ದನಿ ಏರಿತು. ಪಕ್ಕದ ದೋಣಿಯವರು ಸ್ಪೀಕರ್ ಸಣ್ಣಗೆ ಮಾಡಿ ನಮ್ಮ ಕಡೆ ನೋಡಿದರು. ಆ ಸಂಜೆಗೆ ಆದ ಲಾಭ ಅದೊಂದೇ.

ಮರುದಿನ ಕುಟ್ಟನಾಡಿನ ಕಾಲುವೆಗಳಲ್ಲಿ ಹೋದೆವು. ಅಲ್ಲಿ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗೆ ಇವೆ. ನೀರು ಮೇಲೆ, ಹೊಲ ಕೆಳಗೆ, ನಡುವೆ ಮಣ್ಣಿನ ಒಡ್ಡು. ಒಡ್ಡಿನ ಮೇಲೆ ಒಂದು ಕಡೆ ಕಟ್ಟಿಗೆಯ ದೊಡ್ಡ ಪೆಟ್ಟಿಗೆ, ಪಕ್ಕದಲ್ಲಿ ಮೋಟರ್, ಹಗೂರಕ್ಕೆ ಅದುರುವ ಬೆಲ್ಟು. ಪೆಟ್ಟಿಗೆಯ ಬಾಯಿಂದ ಕೆಸರು ನೀರು ಧೋ ಅಂತ ಕಾಲುವೆಗೆ ಬೀಳುತ್ತಿತ್ತು. ಪೆಟ್ಟಿಯುಂ ಪರಯುಂ ಅಂತಾರೆ ಅಲ್ಲಿಯವರು. ಪುಂಜ ಅನ್ನುವ ಭತ್ತದ ಬೆಳೆಗೆ ಬೀಜ ಹಾಕಬೇಕಲ್ಲ, ಅದಕ್ಕೆ ಮೊದಲು ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತ ನೀರನ್ನು ಹೊರಗೆ ಹಾಕುತ್ತಾರೆ. ಮೋಟರ್ ಹಚ್ಚಿ ನೀರು ಹೊರಗೆ ಹಾಕುವುದು! ಮನೆಯಾಕೆ ಆ ಕಡೆ ನೋಡಿ ಮುಖ ತಿರುಗಿಸಿದಳು. ಒಳ್ಳೆ ನೀರು ಗಟಾರಕ್ಕೆ ಬಿಡುವವರ ಮೇಲಿನ ಸಿಟ್ಟು ಅಷ್ಟು ಸುಲಭಕ್ಕೆ ಭತ್ತದ ಬೇಸಾಯ ಅಂದರೆ ಇಳಿಯುವುದಿಲ್ಲ.

ಇನ್ನು ರೊಟ್ಟಿ. ಊರಿಂದ ಡಬ್ಬಿ ತುಂಬ ಕಟಕ್ ರೊಟ್ಟಿ ಒಯ್ದಿದ್ದೆವು. ಅಲ್ಲಿಯವರು ತುಲಾವರ್ಷ ಅನ್ನುವ ಹಿಂಗಾರು ಮಳೆ ಮಧ್ಯಾಹ್ನ ಆಗುತ್ತಿದ್ದಂತೆ ಗುಡುಗಿಕೊಂಡು ಬರುವುದು, ಹೊಡೆದು ಹೋಗುವುದು. ಆ ಥಂಡಿಗೆ ನಮ್ಮ ರೊಟ್ಟಿ ಸಪ್ಪಳವನ್ನೇ ಕಳೆದುಕೊಂಡವು. ಮುರಿದರೆ ಬಾಗಿದವು. ಅಡುಗೆಯವನು ಒಂದನ್ನು ಒಲೆಯ ಮೇಲೆ ಸುಟ್ಟು, ಶೇಂಗಾ ಚಟ್ನಿ ಹಚ್ಚಿ ತಿಂದ. ಏನೂ ಅನ್ನಲಿಲ್ಲ. ಇನ್ನೊಂದು ತೆಗೆದುಕೊಂಡ.

ಒಂದು ಕಡೆ ದಂಡೆಯ ಮೇಲೆ ಹೆಂಗಸರು ಪ್ಲಾಸ್ಟಿಕ್ ಕೊಡ ಸಾಲಾಗಿಟ್ಟು ನಳದ ಮುಂದೆ ನಿಂತಿದ್ದರು. ಬೆನ್ನ ಹಿಂದೆಯೇ ಕಾಲುವೆ, ಕಣ್ಣು ಹರಿಯುವಷ್ಟು ದೂರ ನೀರು. ಕುಡಿಯಲು ಬರುವುದಿಲ್ಲ. ಬೇಸಿಗೆಯಲ್ಲಿ ಉಪ್ಪು ನೀರು ಹತ್ತಿ ಬರದಂತೆ ತಣ್ಣೀರ್‌ಮುಕ್ಕಂ ಹತ್ತಿರ ಒಡ್ಡು ಕಟ್ಟಿ ಬಾಗಿಲು ಹಾಕುತ್ತಾರೆ. ಅದು ಗದ್ದೆಗಾಯಿತು. ಮನುಷ್ಯರಿಗೆ ಕುಡಿಯುವ ನೀರು ಬೇರೆ ಕಡೆಯಿಂದ ಬರಬೇಕು. ಕೆಲವು ಕಡೆ ದೋಣಿಯಲ್ಲೂ ಬರುತ್ತದೆ. ಮನೆಯಾಕೆ ಎದ್ದು ಕಟಾಂಜನ ಹಿಡಿದು ನಿಂತಳು.

"ಕೇಳ್ರೀ ಅವಗ, ಇಲ್ಲಿ ಎಷ್ಟು ದಿನಕ್ಕೊಮ್ಮಿ ಬಿಡ್ತಾರಂತ?"

ದೋಣಿಯವನಿಗೆ ನನ್ನ ಹಿಂದಿ ತಿಳಿಯಲಿಲ್ಲ. ಎರಡೂ ಕೈ ಮೇಲೆತ್ತಿ ನಕ್ಕ. ಅದು ಮಾತ್ರ ಅವಳಿಗೆ ಸರಿಯಾಗಿ ತಿಳಿಯಿತು. ದಂಡೆಯ ಹೆಂಗಸರಿಗೆ ಕೈ ಬೀಸಿದಳು. ಅವರೂ ಬೀಸಿದರು. ಅಲ್ಲಿಂದ ಮುಂದೆ ಪ್ರವಾಸ ಚೆನ್ನಾಗಿಯೇ ಆಯಿತು.

ಮುಂದಿನ ವರ್ಷವೂ ಹೋಗೋಣ ಅನ್ನುತ್ತಾಳೆ ಈಗ. ಕೊಲ್ಲಂನಿಂದ ಆಲಪ್ಪುಳಕ್ಕೆ ಎಂಟು ತಾಸಿನ ದೋಣಿ ಇದೆಯಂತೆ, ಅದು ಸಂಜೆ ಮರಕ್ಕೆ ಕಟ್ಟಿ ಹಾಕುವಂಥದ್ದಲ್ಲ. ಒಂದೇ ಕರಾರು, ನಳ ಬರುವ ದಿನ ನೋಡಿಕೊಂಡು ಟಿಕೆಟ್ ತೆಗೆಸಬೇಕು. ರೈಲಿನ ಬುಕಿಂಗ್ 60 ದಿನ ಮುಂಚೆ ತೆಗೆಯುತ್ತದೆ. ನಮ್ಮ ಓಣಿಯ ವಾಲ್ವ್ ತಿರುಗಿಸುವವನನ್ನು ಹಿಡಿದು ಕೇಳಿದೆ. "ನಾಳಿಂದs ನನಗ ಗೊತ್ತಿಲ್ರಿ ಸಾಹೇಬ್ರ, ಮುಂದಿನ ವರ್ಷದ್ದು ಕೇಳ್ತೀರಲ್ಲ" ಅಂದ.